ಹಂಡೆ, ಬಾಯ್ಲರ್, ಗೀಸರ್...

ಬಚ್ಚಲುಮನೆಯ ಗೋಡೆಗೆ ನೇತುಹಾಕಿರುವ ಬಿಳಿ ಡಬ್ಬಕ್ಕೆ ನಾವೆಲ್ಲ ಗೀಸರ್ ಅನ್ನುತ್ತೇವಲ್ಲ, ಆ ಹೆಸರು ನಿಜವಾಗಿ ಅದರದ್ದಲ್ಲ! ಐಸ್‌ಲ್ಯಾಂಡಿನಲ್ಲಿ ಗೇಸಿರ್ ಎಂಬ ಬಿಸಿನೀರಿನ ಬುಗ್ಗೆಯಿದೆ. ನೆಲದೊಳಗಿಂದ ಕುದಿನೀರು ಚಿಮ್ಮಿಸುವ ಬುಗ್ಗೆ. 1868ರಲ್ಲಿ ಲಂಡನ್ನಿನ ಬೆಂಜಮಿನ್ ವ್ಯಾಡಿ ಮಾನ್ ಎಂಬಾತ (ಕಸುಬಿನಲ್ಲಿ ಪೇಂಟರಂತೆ) ಗ್ಯಾಸಿನಿಂದ ನೀರು ಕಾಯಿಸುವ ಯಂತ್ರಕ್ಕೆ ಪೇಟೆಂಟ್ ಪಡೆದು, ಅದಕ್ಕೆ ಈ ಬುಗ್ಗೆಯ ಹೆಸರಿಟ್ಟ. ಅದರಲ್ಲಿ ಟ್ಯಾಂಕೇ ಇರಲಿಲ್ಲ. ಮೇಲಿಂದ ತಣ್ಣೀರು, ಕೆಳಗಿಂದ ಉರಿಯ ಬಿಸಿಗಾಳಿ, ಎರಡೂ ಎದುರುಬದುರಾಗಿ, ಕೆಳಗೆ ತೊಟ್ಟಿಗೆ ಬಿಸಿನೀರು. ಅಂದರೆ ಮೊದಲ ಗೀಸರ್ ಈಗ ನಾವು ‘ಇನ್‌ಸ್ಟಂಟ್’ ಅನ್ನುವ ಜಾತಿಯದು. ಇಂಗ್ಲೆಂಡಿನಲ್ಲಿ ಆ ಪದ ಹೆಚ್ಚುಕಡಿಮೆ ಮರೆತೇಹೋಗಿದೆ. ನಾವು ಮತ್ತು ದಕ್ಷಿಣ ಆಫ್ರಿಕದವರು ಅದನ್ನು ಹಿಡಿದುಕೊಂಡೆವು, ಅದೂ ಟ್ಯಾಂಕಿರುವ ಡಬ್ಬಕ್ಕೆ!

ನಮ್ಮ ಮನೆಯ ಹಳೆಯ ಡಬ್ಬ ತಳದಲ್ಲಿ ತುಕ್ಕು ಹಿಡಿದು ಸೋರತೊಡಗಿದಾಗ, ಟ್ಯಾಂಕ್ ಇರುವುದೋ ಇನ್‌ಸ್ಟಂಟೋ ಎಂಬ ಪ್ರಶ್ನೆ ಬಂತು. ಆಗ ಇದರ ಇತಿಹಾಸ ಹುಡುಕುತ್ತ ಕೂತೆ. ಹುಡುಕಿದಷ್ಟೂ ಒಂದು ವಿಷಯ ಸ್ಪಷ್ಟವಾಯಿತು. ಯಾವ ಊರಿನವರು ಯಾವುದನ್ನು ಆರಿಸಿಕೊಂಡರು ಎಂಬುದನ್ನು ತೀರ್ಮಾನಿಸಿದ್ದು ಜಾಣತನವಲ್ಲ, ಮನೆಯೊಳಕ್ಕೆ ಬರುವ ಕೊಳವೆ ಮತ್ತು ತಂತಿ.

ನಮ್ಮ ಹಂಡೆಯನ್ನೇ ತೆಗೆದುಕೊಳ್ಳಿ. ಬಚ್ಚಲೊಲೆಗೆ ಹಾಕುತ್ತಿದ್ದದ್ದು ತೆಂಗಿನ ಸೋಗೆ, ಕರಟ, ಅಡಿಕೆ ಸಿಪ್ಪೆ, ತರಗೆಲೆ. ಅಡುಗೆ ಒಲೆಗೆ ಬೇಡವಾದದ್ದೆಲ್ಲ ಇಲ್ಲಿಗೆ. ಇಂಥ ಬಡ ಉರಿಯಿಂದ ನಿಮಿಷದಲ್ಲಿ ನೀರು ಕಾಯುವ ಮಾತೇ ಇಲ್ಲ. ಅದಕ್ಕೇ ದೊಡ್ಡ ಹೊಟ್ಟೆಯ ತಾಮ್ರದ ಪಾತ್ರೆ, ನಿಧಾನದ ಬೆಂಕಿ, ಬೂದಿಯ ಕಾವು. ಬೆಳಿಗ್ಗೆ ಉರಿ ಹಾಕಿದರೆ ಮನೆಮಂದಿಯೆಲ್ಲ ಮೀಯುವವರೆಗೂ ಬಿಸಿ. ನರಕ ಚತುರ್ದಶಿಯ ಹಿಂದಿನ ಸಂಜೆ ಹಂಡೆ ತಿಕ್ಕಿ ಬೆಳಗಿ, ಸುಣ್ಣ ಕೆಮ್ಮಣ್ಣು ಬಳಿದು, ಕೊರಳಿಗೆ ಹಿಂಡ್ಲೆ ಬಳ್ಳಿ ಸುತ್ತಿ ನೀರು ತುಂಬುತ್ತೇವಲ್ಲ, ಆ ಪೂಜೆ ಒಂದು ಸ್ಟೋರೇಜ್ ವಾಟರ್ ಹೀಟರಿಗೆ! ಆಮೇಲೆ ಪೇಟೆ ಮನೆಗಳಿಗೆ ತಾಮ್ರದ ಬಾಯ್ಲರ್ ಬಂತು. ನಡುವಿನ ಕೊಳವೆಯಲ್ಲಿ ಬೆಂಕಿ, ಸುತ್ತ ನೀರು, ಪಕ್ಕದಲ್ಲಿ ನಲ್ಲಿ. ಮೇಲಿನ ಬಾಯಿಗೆ ತಣ್ಣೀರು ಸುರಿದರೆ ನಲ್ಲಿಯಲ್ಲಿ ಬಿಸಿನೀರು. ಅಮೆರಿಕದ ನೆಲಮಾಳಿಗೆಗಳಲ್ಲಿ ನಿಂತಿರುವ ಗ್ಯಾಸ್ ಟ್ಯಾಂಕುಗಳ ಹೊಟ್ಟೆಯೊಳಗೂ ಇದೇ ಕೊಳವೆ, ಇದೇ ಉಪಾಯ. ಸುಮ್ಮನೆ ಹೊರಹೋಗುವ ಹೊಗೆಯ ಬಿಸಿಯನ್ನೂ ಬಿಡಬಾರದು ಅಂತ.

ಆ ಅಮೆರಿಕದ ಟ್ಯಾಂಕಿನ ಹಿಂದಿರುವವನು ಎಡ್ವಿನ್ ರೂಡ್. ನಾರ್ವೆಯಿಂದ ವಲಸೆ ಹೋದ ಇಂಜಿನಿಯರ್. ಪಿಟ್ಸ್‌ಬರ್ಗಿನಲ್ಲಿ 1889ರಲ್ಲಿ ತಾನಾಗಿ ಹೊತ್ತಿ ತಾನಾಗಿ ತಣ್ಣಗಾಗುವ ಟ್ಯಾಂಕ್ ಹೀಟರ್ ಮಾಡಿದ. ಅತ್ತ ಜರ್ಮನಿಯಲ್ಲಿ ಹ್ಯೂಗೋ ಯೂಂಕರ್ಸ್, ಗ್ಯಾಸಿನಲ್ಲಿ ಎಷ್ಟು ಶಾಖವಿದೆ ಎಂದು ಅಳೆಯಲು ಒಂದು ಉಪಕರಣ ಮಾಡಿಕೊಂಡಿದ್ದ. ಹರಿಯುವ ನೀರಿಗೆ ಉರಿಯ ಬಿಸಿಯನ್ನೆಲ್ಲ ಕೊಟ್ಟು, ನೀರು ಎಷ್ಟು ಡಿಗ್ರಿ ಏರಿತೆಂದು ನೋಡುವ ಯಂತ್ರ. ಇದನ್ನೇ ಸ್ನಾನಕ್ಕೆ ಯಾಕೆ ಬಳಸಬಾರದು ಎಂದು 1890ರ ದಶಕದಲ್ಲಿ ಡೆಸ್ಸೌ ಊರಿನಲ್ಲಿ ಗ್ಯಾಸ್ ಹೀಟರ್ ತಯಾರಿಸತೊಡಗಿದ. ಮುಂದೆ 1915ರಲ್ಲಿ ಪೂರ್ತಿ ಲೋಹದ ವಿಮಾನ ಹಾರಿಸಿದ್ದೂ ಇದೇ ಯೂಂಕರ್ಸ್. ಬಿಸಿನೀರು ಮಾರಿ ವಿಮಾನ ಕಟ್ಟಿದ ಅನ್ನಬಹುದು :)

ಇಬ್ಬರ ಹಿಂದೆಯೂ ಇದ್ದದ್ದು ಕೊಳವೆಯಲ್ಲಿ ಬರುವ ಗ್ಯಾಸ್. ನಮ್ಮಲ್ಲಿ ಅದು ಇರಲಿಲ್ಲ, ಕರೆಂಟು ಬಂತು. ಶಿವನಸಮುದ್ರದ ಕರೆಂಟು 1902ರಲ್ಲಿ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿದೀಪಗಳಿಗೆ. ಬಚ್ಚಲುಮನೆಯ ಸರದಿ ಬಹಳ ತಡವಾಗಿ. ಕೆಇಬಿ ಕಾಲದ ಎಇಎಚ್ ಮೀಟರ್ ನೆನಪಿದೆಯಾ? ‘ಆಲ್ ಎಲೆಕ್ಟ್ರಿಕ್ ಹೋಮ್’. ಬರೀ ದೀಪದ ಮನೆ ಬೇರೆ, ಗೀಸರ್ ಇರುವ ಮನೆ ಬೇರೆ. ನಮ್ಮ ಬೀದಿಯಲ್ಲಿ ‘ಅವರದು ಎಇಎಚ್ ಮನೆ’ ಅನ್ನುವುದರಲ್ಲೇ ಒಂದು ಗೌರವವಿತ್ತು. ಮೇಲಿಂದ ಲೋಡ್ ಶೆಡ್ಡಿಂಗ್ ಬೇರೆ. ಕರೆಂಟು ಇದ್ದಾಗ ಕಾಯಿಸಿಟ್ಟುಕೊಂಡು, ಹೋದ ಮೇಲೆ ಸ್ನಾನ ಮಾಡುವುದು. ಟ್ಯಾಂಕಿಲ್ಲದೆ ಇದು ಆಗುವ ಕೆಲಸವಲ್ಲ.

ಈಗ ಅಂಗಡಿಯ ಕಥೆ. “ಸರ್, ಇನ್‌ಸ್ಟಂಟ್ ತಗೊಳ್ಳಿ, ಕರೆಂಟ್ ಬಿಲ್ ಅರ್ಧ ಆಗುತ್ತೆ” ಅಂದ ಹುಡುಗ. ಮನೆಯಲ್ಲಿ ಎಪ್ಪತ್ತೆಂಟರ ಅಮ್ಮ ಇದ್ದಾರೆ, ಬೆಳಿಗ್ಗೆ ಐದಕ್ಕೇ ಸ್ನಾನ. ಎರಡು ಬಕೆಟ್ ಹದವಾದ ನೀರು ತುಂಬಿರಬೇಕು, ಆರುವ ಮೊದಲೇ ಮುಗಿಯಬೇಕು. ನಾನು ಕಾಗದ ಪೆನ್ನು ಹಿಡಿದೆ. 15 ಲೀಟರ್ ನೀರನ್ನು 22ರಿಂದ 60 ಡಿಗ್ರಿಗೆ ಏರಿಸಲು ಸುಮಾರು 0.66 ಯೂನಿಟ್ ಕರೆಂಟು ಬೇಕು. 2 ಕಿಲೋವ್ಯಾಟ್ ಕಾಯಿಲ್ ಆದರೆ 20 ನಿಮಿಷ. ತಣ್ಣೀರು ಬೆರೆಸಿದರೆ 40 ಡಿಗ್ರಿಯ ಸುಮಾರು 30 ಲೀಟರ್, ಅಮ್ಮನ ಎರಡು ಬಕೆಟ್. ಇನ್‌ಸ್ಟಂಟಿನ 3 ಕಿಲೋವ್ಯಾಟ್ ಕಾಯಿಲ್ ಅದೇ ಹದದ ನೀರನ್ನು ನಿಮಿಷಕ್ಕೆ ಸುಮಾರು 2.4 ಲೀಟರಿನಂತೆ ಕೊಡುತ್ತದೆ. ಒಂದು ಬಕೆಟ್ ತುಂಬಲು ಆರು ನಿಮಿಷಕ್ಕೂ ಹೆಚ್ಚು, ಎರಡನೆಯದು ತುಂಬುವಷ್ಟರಲ್ಲಿ ಮೊದಲನೆಯದು ಆರಿರುತ್ತದೆ. ನಿಮಿಷಕ್ಕೆ 8 ಲೀಟರ್ ಸುರಿಯುವ ಶವರ್ ಬೇಕೆಂದರೆ 10 ಕಿಲೋವ್ಯಾಟ್ ಬೇಕು. ನಮ್ಮ ಮನೆಗೆ ಮಂಜೂರಾದ ಲೋಡೇ 3! ಇನ್ನು ‘ಬಿಲ್ ಅರ್ಧ’ ಅನ್ನುವುದು ಸುಳ್ಳು. ಅಷ್ಟೇ ನೀರನ್ನು ಅಷ್ಟೇ ಬಿಸಿ ಮಾಡಲು ಎರಡಕ್ಕೂ ಬೇಕಾದ ಕರೆಂಟು ಒಂದೇ. ಇನ್‌ಸ್ಟಂಟ್ ಉಳಿಸುವುದು ನಿಂತ ನೀರು ಆರುವ ನಷ್ಟವನ್ನು ಮಾತ್ರ. ಟ್ಯಾಂಕಿನ ಮೇಲಿನ ನಕ್ಷತ್ರಗಳು ಅಳೆಯುವುದೂ ಆ ನಷ್ಟವನ್ನೇ. ಸ್ನಾನಕ್ಕೆ ಮುಂಚೆ ಹಾಕಿ, ಆಮೇಲೆ ಆರಿಸುವ ಮನೆಯಲ್ಲಿ ಅದು ದೊಡ್ಡದಲ್ಲ.

“ಹಾಗಾದ್ರೆ ಗ್ಯಾಸ್ ಗೀಸರ್ ಹಾಕ್ಸಿ ಸರ್, ನಿಮಿಷಕ್ಕೆ 6 ಲೀಟರ್” ಅಂದ. ಲೆಕ್ಕದಲ್ಲಿ ಅವನ ಮಾತು ಸರಿ. ಕರೆಂಟಿನ ತಂತಿ ಕೊಡಲಾಗದ 10 ಕಿಲೋವ್ಯಾಟ್ ಶಾಖವನ್ನು ಸಿಲಿಂಡರ್ ಸಲೀಸಾಗಿ ಕೊಡುತ್ತದೆ. ಆದರೆ ಮಾನ್ ಮಹಾಶಯನ ಯಂತ್ರದ ದೊಡ್ಡ ದೋಷ ಏನು ಗೊತ್ತಾ? ಹೊಗೆ ಹೊರಹೋಗಲು ಕೊಳವೆ ಇರಲಿಲ್ಲ. ಸುಟ್ಟ ಗ್ಯಾಸೆಲ್ಲ ಸ್ನಾನದ ಕೋಣೆಗೇ. ಒಂದೂವರೆ ಶತಮಾನ ಕಳೆದರೂ ನಮ್ಮಲ್ಲಿ ಅದೇ ನಡೆಯುತ್ತಿದೆ. ಕಿಟಕಿ ಮುಚ್ಚಿದ ಪುಟ್ಟ ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರಿದು, ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಿ, ಒಳಗೆ ಹೋದವರು ಹೊರಬರದ ಸುದ್ದಿ ಚಳಿಗಾಲದಲ್ಲಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಅದನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆಯೇ ಹಾಕಬೇಕು. ನಮ್ಮ ಫ್ಲ್ಯಾಟಿನಲ್ಲಿ ಅಂಥ ಗೋಡೆಯಿಲ್ಲ. ಹಾಗಾಗಿ ಅದು ಅಲ್ಲಿಗೇ ಮುಗಿಯಿತು.

ಸೋಲಾರ್ ಯಾಕಲ್ಲ ಅಂತೀರಾ? ಅದಕ್ಕೂ ಹಳೆಯ ಕಥೆಯಿದೆ. ಬಾಲ್ಟಿಮೋರಿನ ಕ್ಲಾರೆನ್ಸ್ ಕೆಂಪ್ 1891ರಲ್ಲೇ ‘ಕ್ಲೈಮ್ಯಾಕ್ಸ್’ ಎಂಬ ಸೋಲಾರ್ ಹೀಟರ್ ಮಾರಿದ, ರಾತ್ರಿ ನೀರು ಆರಿಹೋಗುತ್ತಿತ್ತು. 1909ರಲ್ಲಿ ಕ್ಯಾಲಿಫೋರ್ನಿಯದ ವಿಲಿಯಂ ಬೈಲಿ ಕಾಯಿಸುವ ಫಲಕ ಬೇರೆ, ಬೆಚ್ಚಗೆ ಹೊದಿಸಿದ ಟ್ಯಾಂಕು ಬೇರೆ ಮಾಡಿ ‘ಡೇ ಅಂಡ್ ನೈಟ್’ ಎಂದು ಹೆಸರಿಟ್ಟ. ಬೆಂಗಳೂರಿನ ತಾರಸಿಗಳ ಮೇಲೆ ಇಂದು ಕಾಣುವುದು ಹೆಚ್ಚಾಗಿ ಬೈಲಿಯ ಈ ಉಪಾಯದ ಸಂತತಿಯೇ. 1920ರ ದಶಕದಲ್ಲಿ ಲಾಸ್ ಏಂಜಲೀಸ್ ಸುತ್ತ ಅಗ್ಗದ ಗ್ಯಾಸ್ ಸಿಕ್ಕಿ ಅಲ್ಲಿ ಅವನ ವ್ಯಾಪಾರ ಮಂಕಾಯಿತು. ಇಲ್ಲಿ 2007ರಲ್ಲಿ ಹೊಸ ಮನೆಗಳಿಗೆ ಸೋಲಾರ್ ಹೀಟರ್ ಕಡ್ಡಾಯವಾಯಿತು. ನಮ್ಮ ಕಟ್ಟಡ ಅದಕ್ಕಿಂತ ಹಳೆಯದು, ತಾರಸಿಯಲ್ಲಿ ಎಲ್ಲರ ಸಿಂಟೆಕ್ಸ್ ಟ್ಯಾಂಕುಗಳೇ ತುಂಬಿವೆ.

ಕೊನೆಗೆ ಬಂದದ್ದು 15 ಲೀಟರಿನ ಐದು ನಕ್ಷತ್ರದ ಟ್ಯಾಂಕೇ. ನಮ್ಮದು ಬೋರ್‌ವೆಲ್ ನೀರು, ಸುಣ್ಣ ಜಾಸ್ತಿ. ಒಳಗಿರುವ ಮೆಗ್ನೀಸಿಯಂ ಕಡ್ಡಿ ತಾನು ಸವೆದು ಟ್ಯಾಂಕನ್ನು ತುಕ್ಕಿನಿಂದ ಉಳಿಸುತ್ತದೆ. ಎರಡು ವರ್ಷಕ್ಕೊಮ್ಮೆ ಅದನ್ನು ಬಿಚ್ಚಿ ನೋಡಿ ಅಂತ ಮೆಕ್ಯಾನಿಕ್ ಹೇಳಿಹೋಗಿದ್ದಾನೆ. ಹಳೆಯದರದ್ದನ್ನು ಬಿಚ್ಚಿದಾಗ ಕಡ್ಡಿಯ ಜಾಗದಲ್ಲಿ ಬರೀ ತಂತಿ ಉಳಿದಿತ್ತು.