ಮೂಳೆಯ ಕಿಂಡಿಯಿಂದ ಆಕಾಶ: ಜಾರ್ಜಿಯಾ ಓಕೀಫ್ ಅವರ ಮರುಭೂಮಿ ಚಿತ್ರಗಳು

ಅಮೆರಿಕದ ಚಿತ್ರಕಲಾವಿದೆ ಜಾರ್ಜಿಯಾ ಓಕೀಫ್ (1887–1986) ನ್ಯೂ ಮೆಕ್ಸಿಕೋದ ಒಣನೆಲದಲ್ಲಿ ಆಯ್ದುಕೊಂಡ ತಲೆಬುರುಡೆ, ಮೂಳೆಗಳನ್ನು ವರ್ಷಗಟ್ಟಲೆ ಚಿತ್ರಿಸಿದರು. ಈ ಚಿತ್ರಗಳನ್ನು ಸಾವಿನ ಸಂಕೇತಗಳೆಂದು ಓದುವ ರೂಢಿ ಹಳೆಯದು. ಓಕೀಫ್ ಅದನ್ನು ಒಪ್ಪಲಿಲ್ಲ. ತಮಗೆ ಮೂಳೆಗಳಲ್ಲಿ ಕಾಣುವುದು ಮರುಭೂಮಿಯ ಜೀವಂತಿಕೆ ಎಂದು 1939ರಲ್ಲಿ ಬರೆದರು. ಕಲಾವಿದರ ಮಾತೊಂದೇ ಪುರಾವೆಯಾಗದು, ನಿಜ. ಆದರೆ ಚಿತ್ರಗಳನ್ನು ಕಾಲಾನುಕ್ರಮದಲ್ಲಿ ಇಟ್ಟು, ಪ್ರತಿಯೊಂದರಲ್ಲೂ ಮೂಳೆಯ ಹಿಂದೆ ಏನಿದೆ ಎಂದು ನೋಡಿದರೆ ಆ ಮಾತಿಗೆ ಚಿತ್ರಗಳಲ್ಲೇ ಆಧಾರ ಸಿಗುತ್ತದೆ. ಈ ಲೇಖನದ ವಾದ ಇಷ್ಟೇ.

ಓಕೀಫ್ 1929ರ ಬೇಸಿಗೆಯನ್ನು ನ್ಯೂ ಮೆಕ್ಸಿಕೋದ ಟಾವೋಸ್‌ನಲ್ಲಿ ಕಳೆದರು. ಮರುವರ್ಷ ಮತ್ತೆ ಬಂದಾಗ ಬರಗಾಲ. ಸತ್ತ ದನಕುದುರೆಗಳ ಮೂಳೆಗಳು ಬಿಸಿಲಿಗೆ ಬೆಳ್ಳಗಾಗಿ ಬಿದ್ದಿದ್ದವು. ಆ ದನಕುದುರೆಗಳ ಪೂರ್ವಜರು ಅಲ್ಲಿಗೆ ಬಂದದ್ದು ಸ್ಪೇನಿನ ವಸಾಹತುಗಾರರ ಜೊತೆಗೆ. ಹಾಗಾಗಿ ನಾವು ನಿಸರ್ಗದ ವಸ್ತು ಎಂದು ಕರೆಯುವ ಈ ಮೂಳೆಗಳಲ್ಲಿ ವಲಸೆ, ಪಶುಪಾಲನೆ ಮತ್ತು ಬರದ ಚರಿತ್ರೆಯೂ ಸೇರಿದೆ. ವಿಮರ್ಶೆ ಇದನ್ನು ಮರೆಯಬಾರದು.

ಒಂದು ಪೀಪಾಯಿಯ ತುಂಬ ಮೂಳೆಗಳನ್ನು ಅವರು ಪೂರ್ವಕ್ಕೆ, ನ್ಯೂಯಾರ್ಕ್ ರಾಜ್ಯಕ್ಕೆ ಸಾಗಿಸಿದರು. 1931ರ ಪ್ರಸಿದ್ಧ ಚಿತ್ರಗಳು ಹುಟ್ಟಿದ್ದು ಇಂಥ ಮೂಳೆಗಳಿಂದ. ಈಗ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿರುವ 'ಹಸುವಿನ ತಲೆಬುರುಡೆ: ಕೆಂಪು, ಬಿಳಿ, ನೀಲಿ' ಚಿತ್ರದಲ್ಲಿ ಮರುಭೂಮಿಯ ಸುಳಿವೇ ಇಲ್ಲ. ನಡುವೆ ಕಪ್ಪು ಪಟ್ಟೆ, ಅದರ ಸುತ್ತ ಬಟ್ಟೆಯ ಮಡಿಕೆಯಂಥ ನೀಲಿ–ಬಿಳಿ, ಎರಡೂ ಅಂಚುಗಳಲ್ಲಿ ಕೆಂಪು. ಬುರುಡೆಯೂ ಕೊಂಬುಗಳೂ ಸೇರಿ ಶಿಲುಬೆಯ ಆಕಾರ ಮೂಡುತ್ತದೆ. ಅದೇ ವರ್ಷದ ಮತ್ತೊಂದು ಚಿತ್ರದಲ್ಲಿ ಬುರುಡೆಯ ಜೊತೆಗೆ ಬಟ್ಟೆಯ ಗುಲಾಬಿಗಳಿವೆ. ನ್ಯೂ ಮೆಕ್ಸಿಕೋದಲ್ಲಿ ಅಂಥ ಹೂಗಳನ್ನು ಸಮಾಧಿಗಳಿಗೆ ಇಡುತ್ತಿದ್ದರು. ಸಾವಿನ ಓದಿಗೆ ಗಟ್ಟಿ ನೆಲೆ ಇರುವುದು ಈ ಘಟ್ಟದಲ್ಲಿ ಮಾತ್ರ.

1934ರಲ್ಲಿ ಓಕೀಫ್ ಘೋಸ್ಟ್ ರಾಂಚ್ ಎಂಬ ಜಾಗವನ್ನು ಕಂಡರು, 1940ರಲ್ಲಿ ಅಲ್ಲಿ ಮನೆ ಕೊಂಡರು. ಅಲ್ಲಿನ ಕೆಂಪು ಗುಡ್ಡಗಳು ಇಪ್ಪತ್ತು ಕೋಟಿ ವರ್ಷಗಳಿಗೂ ಹಳೆಯ ಶಿಲೆ. ಈ ನೆಲಕ್ಕೆ ಬಂದ ಮೇಲೆ ಚಿತ್ರಗಳ ಹಿನ್ನೆಲೆ ಬದಲಾಯಿತು. 1935ರ ಟಗರಿನ ತಲೆಬುರುಡೆ ಗುಡ್ಡಗಳ ಮೇಲೆ ಬಿಳಿ ಹಾಲಿಹಾಕ್ ಹೂವಿನ ಪಕ್ಕ ತೇಲುತ್ತದೆ. 1937ರ ಚಿತ್ರದಲ್ಲಿ ಕವಲೊಡೆದ ಕೊಂಬುಗಳು ಬಾನನ್ನು ತುಂಬಿಕೊಂಡು, ಬೆಟ್ಟಸಾಲು ಅವುಗಳ ಕೆಳಗೆ ಚಿಕ್ಕದಾಗುತ್ತದೆ. ಹತ್ತಿರ, ದೂರಗಳ ಅಳತೆಯನ್ನೇ ಅವರು ಕಲಕಿಬಿಟ್ಟರು.

ನಿರ್ಣಾಯಕ ತಿರುವು 1943ರಿಂದ 1945ರ ನಡುವಿನ ಸೊಂಟದ ಮೂಳೆಗಳ ಸರಣಿ. ಓಕೀಫ್ ಮೂಳೆಯನ್ನು ಆಕಾಶಕ್ಕೆ ಎತ್ತಿಹಿಡಿದು ಅದರ ರಂಧ್ರದಲ್ಲಿ ಇಣುಕಿದರು. ಮೊದಲ ಚಿತ್ರಗಳಲ್ಲಿ ಮೂಳೆಯ ಪೂರ್ಣ ರೂಪವೂ ದೂರದ ಬೆಟ್ಟಗಳೂ ಇವೆ. ನಂತರದವುಗಳಲ್ಲಿ ಮೂಳೆ ಬರೀ ಅಂಚಾಗಿ, ನಡುವಿನ ನೀಲಿಯೇ ಚಿತ್ರವಾಗುತ್ತದೆ. 1945ರ ಒಂದರಲ್ಲಿ ಆ ಜಾಗಕ್ಕೆ ಹಳದಿ ಬಂದು, ಮೂಳೆ ಕೆಂಪಾಗಿದೆ. ಇಷ್ಟು ಹತ್ತಿರಕ್ಕೆ ಹೋದಾಗ ಇದು ಯಾವ ಪ್ರಾಣಿಯದೆಂಬ ಪ್ರಶ್ನೆಯೇ ಉಳಿಯುವುದಿಲ್ಲ. ಜಗತ್ತು ಯುದ್ಧದಲ್ಲಿದ್ದ ಕಾಲವದು. ಮನುಷ್ಯರ ವಿನಾಶವೆಲ್ಲ ಮುಗಿದ ಮೇಲೂ ಆ ನೀಲಿ ಉಳಿಯುತ್ತದೆ ಎಂಬ ಅರ್ಥದ ಮಾತನ್ನು ಓಕೀಫ್ ಆಗ ಬರೆದಿದ್ದರು.

ಹೀಗೆ 1931ರಲ್ಲಿ ನೋಡಬೇಕಾದ ವಸ್ತುವಾಗಿದ್ದ ಮೂಳೆ, ಹನ್ನೆರಡು ವರ್ಷಗಳಲ್ಲಿ ನೋಡುವ ಸಾಧನವಾಯಿತು. ಸಾವಿನ ಸಂಕೇತವೆಂಬ ಓದು ಮೊದಲ ಬುರುಡೆಗಳಿಗೆ ಸ್ವಲ್ಪ ಮಟ್ಟಿಗೆ ಹೊಂದೀತು. ಸೊಂಟದ ಮೂಳೆಗಳ ಸರಣಿಗೆ ಅದು ಸಲ್ಲದು.