ಮೂತ್ರಪಿಂಡದ ಕಲ್ಲು, ಕ್ಯಾಲ್ಸಿಯಂ ಮತ್ತು ಪ್ಯಾರಾಥೈರಾಯ್ಡ್ ಗ್ರಂಥಿ: ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ವಿಜಯಪುರ ಜಿಲ್ಲೆಯ ಆಲಮೇಲ, ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗಗಳಲ್ಲಿ ಬೇಸಿಗೆಯ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಹೊಲಗದ್ದೆಗಳಲ್ಲಿ, ಇಟ್ಟಿಗೆ ಭಟ್ಟಿಗಳಲ್ಲಿ ಹಾಗೂ ರಸ್ತೆ ಕಾಮಗಾರಿಗಳಲ್ಲಿ ದುಡಿಯುವವರ ದೇಹದ ನೀರು ಬೆವರಾಗಿ ಹೋಗುತ್ತದೆ. ಇದರಿಂದ ಮೂತ್ರವು ಗಾಢವಾಗಿ, ಅದರಲ್ಲಿರುವ ಲವಣಗಳು ಹರಳುಗಟ್ಟಿ ಮೂತ್ರಪಿಂಡದಲ್ಲಿ ಕಲ್ಲು ಉಂಟಾಗುತ್ತದೆ.

ಒಮ್ಮೆ ಕಲ್ಲು ಆದವರ ಪೈಕಿ ಸುಮಾರು ಅರ್ಧದಷ್ಟು ಜನರಿಗೆ ಹತ್ತು ವರ್ಷಗಳೊಳಗಾಗಿ ಮತ್ತೆ ಕಲ್ಲು ಆಗುವ ಸಂಭವವಿರುತ್ತದೆ. ಕಲ್ಲನ್ನು ತೆಗೆಸಿಕೊಂಡರೆ ನೋವು ನಿವಾರಣೆಯಾಗುತ್ತದೆಯೇ ಹೊರತು ಕಲ್ಲು ಆಗುವ ಕಾರಣವು ನಿವಾರಣೆಯಾಗುವುದಿಲ್ಲ. ಕೆಲವರಲ್ಲಿ ಆ ಕಾರಣವು ಮೂತ್ರಪಿಂಡದಲ್ಲಿ ಇರದೆ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಯಲ್ಲಿರುತ್ತದೆ. ಸರಳವಾದ ಒಂದು ರಕ್ತ ಪರೀಕ್ಷೆಯಿಂದ ಇದರ ಸುಳಿವನ್ನು ಪಡೆಯಬಹುದಾಗಿದೆ. ಈ ವಿಷಯದಲ್ಲಿ ಸಂಶೋಧನೆಗಳಿಂದ ತಿಳಿದುಬಂದಿರುವ ಅಂಶಗಳನ್ನು ಹಾಗೂ ಸರ್ಕಾರದ ಸೌಲಭ್ಯ ಪಡೆಯುವ ವಿಧಾನವನ್ನು ಈ ಕೆಳಗೆ ನೀಡಲಾಗಿದೆ.

2. ದೇಹದಲ್ಲಿ ಕ್ಯಾಲ್ಸಿಯಂನ ನಿಯಂತ್ರಣ

ವಯಸ್ಕರ ದೇಹದಲ್ಲಿ ಸುಮಾರು ಒಂದು ಕಿಲೋಗ್ರಾಂ ಕ್ಯಾಲ್ಸಿಯಂ (ಸುಣ್ಣದಂಶ) ಇರುತ್ತದೆ. ಇದರ ಶೇಕಡಾ 99ರಷ್ಟು ಭಾಗವು ಮೂಳೆ ಮತ್ತು ಹಲ್ಲುಗಳಲ್ಲಿರುತ್ತದೆ. ರಕ್ತದಲ್ಲಿರುವ ಅಲ್ಪ ಪ್ರಮಾಣವು ಹೃದಯ, ಸ್ನಾಯು ಹಾಗೂ ನರಗಳ ಕಾರ್ಯಕ್ಕೆ ಅತ್ಯಗತ್ಯ. ಈ ಪ್ರಮಾಣವು ಸಾಮಾನ್ಯವಾಗಿ ಪ್ರತಿ ಡೆಸಿಲೀಟರ್ ರಕ್ತದ್ರವಕ್ಕೆ 8.5ರಿಂದ 10.5 ಮಿಲಿಗ್ರಾಂ ಇರತಕ್ಕದ್ದು. ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಈ ಮಿತಿಯಲ್ಲಿ ಸ್ವಲ್ಪ ವ್ಯತ್ಯಾಸವಿರುತ್ತದೆ.

ಕುತ್ತಿಗೆಯ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿಯ ಹಿಂಬದಿಯಲ್ಲಿ ಅಕ್ಕಿಕಾಳಿನಷ್ಟು ಗಾತ್ರದ, ಸಾಮಾನ್ಯವಾಗಿ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿರುತ್ತವೆ. ಹೆಸರಿನಲ್ಲಿ ಹೋಲಿಕೆ ಇದ್ದರೂ ಇವುಗಳ ಕಾರ್ಯವು ಥೈರಾಯ್ಡ್ ಗ್ರಂಥಿಯ ಕಾರ್ಯಕ್ಕಿಂತ ಬೇರೆ. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾದಾಗ ಈ ಗ್ರಂಥಿಗಳು ಹಾರ್ಮೋನನ್ನು ಸ್ರವಿಸುತ್ತವೆ. ಈ ಹಾರ್ಮೋನು ಮೂರು ವಿಧದಲ್ಲಿ ಕಾರ್ಯನಿರ್ವಹಿಸುತ್ತದೆ:

ಅ) ಮೂಳೆಯಲ್ಲಿರುವ ಕ್ಯಾಲ್ಸಿಯಂ ಅನ್ನು ರಕ್ತಕ್ಕೆ ಬಿಡಿಸುತ್ತದೆ.
ಆ) ಮೂತ್ರಪಿಂಡದಿಂದ ಕ್ಯಾಲ್ಸಿಯಂ ಹೊರಹೋಗದಂತೆ ತಡೆಯುತ್ತದೆ.
ಇ) ಮೂತ್ರಪಿಂಡದಲ್ಲಿ ವಿಟಮಿನ್ ಡಿ ಯನ್ನು ಸಕ್ರಿಯಗೊಳಿಸಿ, ಕರುಳಿನಲ್ಲಿ ಆಹಾರದ ಕ್ಯಾಲ್ಸಿಯಂ ಹೀರಿಕೆಯಾಗಲು ನೆರವಾಗುತ್ತದೆ.

ಈ ಗ್ರಂಥಿಗಳ ಪೈಕಿ ಒಂದರಲ್ಲಿ ಗಡ್ಡೆ ಬೆಳೆದಲ್ಲಿ, ಅಗತ್ಯವಿಲ್ಲದಿದ್ದರೂ ಹಾರ್ಮೋನು ಸ್ರವಿಸುತ್ತಲೇ ಇರುತ್ತದೆ. ಈ ಗಡ್ಡೆಯು ಬಹುತೇಕ ಸಂದರ್ಭಗಳಲ್ಲಿ ಕ್ಯಾನ್ಸರ್ ಆಗಿರುವುದಿಲ್ಲ. ಆದರೆ ಮೂಳೆಗಳಿಂದ ಕ್ಯಾಲ್ಸಿಯಂ ಸತತವಾಗಿ ಕರಗಿ ಮೂಳೆ ಸವೆಯುತ್ತದೆ, ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ. ಮೂತ್ರಪಿಂಡವು ತಡೆಹಿಡಿಯುವ ಪ್ರಮಾಣವನ್ನೂ ಮೀರಿ ಕ್ಯಾಲ್ಸಿಯಂ ಮೂತ್ರಕ್ಕೆ ಸೇರಿ ಅಲ್ಲಿ ಕಲ್ಲಾಗುತ್ತದೆ. ಒಂದೇ ರೋಗವು ಒಬ್ಬರಲ್ಲಿ ಮೂಳೆ ನೋವಾಗಿಯೂ, ಇನ್ನೊಬ್ಬರಲ್ಲಿ ಕಲ್ಲಾಗಿಯೂ ಕಾಣಿಸಿಕೊಳ್ಳುವುದು ಈ ಕಾರಣದಿಂದಲೇ.

3. ಸಂಶೋಧನೆಯ ಹಿನ್ನೆಲೆ

ಈ ಗ್ರಂಥಿಯು ಮೊದಲು ಗುರುತಿಸಲ್ಪಟ್ಟದ್ದು ಭಾರತದ ಘೇಂಡಾಮೃಗವೊಂದರಲ್ಲಿ. ಲಂಡನ್ನಿನ ಪ್ರಾಣಿ ಸಂಗ್ರಹಾಲಯದಲ್ಲಿ 1849ರಲ್ಲಿ ಮೃತಪಟ್ಟ ಈ ಪ್ರಾಣಿಯ ಅಂಗಛೇದನ ನಡೆಸಿದ ರಿಚರ್ಡ್ ಓವೆನ್ ಅವರು ಥೈರಾಯ್ಡ್‌ಗೆ ಅಂಟಿಕೊಂಡಿದ್ದ ಚಿಕ್ಕ ಗ್ರಂಥಿಯನ್ನು ದಾಖಲಿಸಿದರು. ಮಾನವರಲ್ಲಿ ಇದನ್ನು ಸ್ವೀಡನ್ ದೇಶದ ಐವಾರ್ ಸ್ಯಾಂಡ್‌ಸ್ಟ್ರೋಮ್ ಅವರು 1880ರಲ್ಲಿ ವಿವರಿಸಿದರು. 1925ರಲ್ಲಿ ವಿಯೆನ್ನಾದ ಶಸ್ತ್ರವೈದ್ಯ ಫೆಲಿಕ್ಸ್ ಮಾಂಡ್ಲ್ ಅವರು ಮೂಳೆ ಸವೆತದಿಂದ ನರಳುತ್ತಿದ್ದ ರೋಗಿಯ ಕುತ್ತಿಗೆಯಿಂದ ಇಂತಹ ಗಡ್ಡೆಯನ್ನು ತೆಗೆದರು.

ಅಮೆರಿಕದ ಹಡಗಿನ ಕಪ್ತಾನ ಚಾರ್ಲ್ಸ್ ಮಾರ್ಟೆಲ್ ಅವರ ಪ್ರಕರಣವು ವೈದ್ಯಕೀಯ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ಮೂಳೆಗಳು ಕುಸಿದು ಅವರ ಎತ್ತರ ಕುಗ್ಗಿತ್ತು, ಮೂತ್ರಪಿಂಡದಲ್ಲಿ ಕಲ್ಲುಗಳಾಗಿದ್ದವು. ಆರು ಬಾರಿ ಶಸ್ತ್ರಚಿಕಿತ್ಸೆ ನಡೆಸಿದರೂ ಗಡ್ಡೆ ದೊರೆಯಲಿಲ್ಲ. 1932ರಲ್ಲಿ ಏಳನೆಯ ಶಸ್ತ್ರಚಿಕಿತ್ಸೆಯಲ್ಲಿ ಅದು ಎದೆಯ ಭಾಗದಲ್ಲಿ ಪತ್ತೆಯಾಯಿತು. ಆದರೆ ಕೆಲವೇ ವಾರಗಳ ನಂತರ ಮೂತ್ರನಾಳದಲ್ಲಿ ಸಿಲುಕಿದ ಕಲ್ಲಿನ ಚಿಕಿತ್ಸೆಯ ಸಂದರ್ಭದಲ್ಲಿ ಅವರು ಮೃತಪಟ್ಟರು. ಗಡ್ಡೆ ದೊರೆಯುವ ವೇಳೆಗೆ ಮೂತ್ರಪಿಂಡಕ್ಕೆ ಆಗಬೇಕಾದ ಹಾನಿ ಆಗಿಹೋಗಿತ್ತು.

1963ರಲ್ಲಿ ಸಾಲೊಮನ್ ಬರ್ಸನ್ ಮತ್ತು ರೋಸಲಿನ್ ಯಾಲೋ ಅವರು ತಮ್ಮ ಸಹೋದ್ಯೋಗಿಗಳೊಂದಿಗೆ ಈ ಹಾರ್ಮೋನಿನ ಪ್ರಮಾಣವನ್ನು ರಕ್ತದಲ್ಲಿ ಅಳೆಯುವ ವಿಧಾನವನ್ನು ಪ್ರಕಟಿಸಿದರು. ಇಂತಹ ಅಳತೆಯ ವಿಧಾನಕ್ಕಾಗಿ ಯಾಲೋ ಅವರಿಗೆ 1977ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಇದರಿಂದಾಗಿ ರೋಗವನ್ನು ಮೂಳೆ ಮುರಿಯುವ ಮೊದಲೇ ಪತ್ತೆ ಮಾಡುವುದು ಸಾಧ್ಯವಾಯಿತು.

ಆದಾಗ್ಯೂ ಭಾರತದಲ್ಲಿ ಈ ರೋಗವು ತಡವಾಗಿ ಪತ್ತೆಯಾಗುತ್ತಿದೆ. ದೇಶದ ಹಲವು ಆಸ್ಪತ್ರೆಗಳು ಸೇರಿ ನಡೆಸುತ್ತಿರುವ ರೋಗಿಗಳ ನೋಂದಣಿಯ 2017ರ ವರದಿಯಂತೆ, ಅರ್ಧಕ್ಕಿಂತ ಹೆಚ್ಚು ರೋಗಿಗಳಲ್ಲಿ ಮೂಳೆ ನೋವು ಹಾಗೂ ಸುಮಾರು ಮೂರರಲ್ಲಿ ಒಂದು ಭಾಗದಷ್ಟು ರೋಗಿಗಳಲ್ಲಿ ಮೂತ್ರಪಿಂಡದ ಕಲ್ಲು ಕಂಡುಬಂದಿತ್ತು. ವಿಟಮಿನ್ ಡಿ ಕೊರತೆ ವ್ಯಾಪಕವಾಗಿರುವುದು ರೋಗ ಉಲ್ಬಣಿಸಲು ಒಂದು ಕಾರಣವೆಂದು ತಜ್ಞರು ಪರಿಗಣಿಸಿದ್ದಾರೆ.

4. ಹಾಲು ಮೊಸರು ಬಿಡಬೇಕೆ?

ಮೂತ್ರಪಿಂಡದ ಕಲ್ಲುಗಳ ಪೈಕಿ ಸುಮಾರು ಶೇಕಡಾ 80ರಷ್ಟು ಕ್ಯಾಲ್ಸಿಯಂ ಒಳಗೊಂಡಿರುತ್ತವೆ. ಈ ಕಾರಣದಿಂದ ಹಾಲು, ಮೊಸರು, ಮಜ್ಜಿಗೆಗಳನ್ನು ಬಿಡಬೇಕೆಂಬ ನಂಬಿಕೆಯು ಜನರಲ್ಲಿದೆ. ಸಂಶೋಧನೆಗಳು ಇದಕ್ಕೆ ವಿರುದ್ಧವಾದ ಅಂಶವನ್ನು ತೋರಿಸಿವೆ.

ಅಮೆರಿಕದಲ್ಲಿ 45,619 ಪುರುಷರನ್ನು ಕುರಿತು ನಡೆಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಹಾರದಿಂದ ಹೆಚ್ಚು ಕ್ಯಾಲ್ಸಿಯಂ ಪಡೆಯುತ್ತಿದ್ದವರಿಗೆ ಕಲ್ಲು ಆಗುವ ಸಂಭವವು ಕಡಿಮೆ ಇತ್ತು. ಇಟಲಿಯಲ್ಲಿ ಪದೇ ಪದೇ ಕಲ್ಲು ಆಗುತ್ತಿದ್ದ 120 ಪುರುಷರನ್ನು ಐದು ವರ್ಷಗಳ ಕಾಲ ಗಮನಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಲಾಯಿತು. ಕ್ಯಾಲ್ಸಿಯಂ ಕಡಿಮೆ ಮಾಡಿದ 60 ಜನರಲ್ಲಿ 23 ಜನರಿಗೆ ಮತ್ತೆ ಕಲ್ಲು ಆಯಿತು. ಕ್ಯಾಲ್ಸಿಯಂ ಸಾಮಾನ್ಯ ಪ್ರಮಾಣದಲ್ಲಿಟ್ಟು ಉಪ್ಪು ಮತ್ತು ಮಾಂಸಾಹಾರವನ್ನು ಕಡಿಮೆ ಮಾಡಿದ 60 ಜನರಲ್ಲಿ 12 ಜನರಿಗೆ ಮಾತ್ರ ಆಯಿತು.

ಇದರ ಕಾರಣವು ಹೀಗಿದೆ. ಪಾಲಕ್, ರಾಜಗಿರಿ, ಶೇಂಗಾ ಮುಂತಾದವುಗಳಲ್ಲಿ ಆಕ್ಸಲೇಟ್ ಎಂಬ ಅಂಶವಿರುತ್ತದೆ. ಊಟದೊಂದಿಗೆ ಮೊಸರು ಅಥವಾ ಮಜ್ಜಿಗೆ ಸೇವಿಸಿದಾಗ ಅದರ ಕ್ಯಾಲ್ಸಿಯಂ ಕರುಳಿನಲ್ಲಿಯೇ ಆಕ್ಸಲೇಟನ್ನು ಹಿಡಿದು ಮಲದೊಂದಿಗೆ ಹೊರಹಾಕುತ್ತದೆ. ಹಾಲು ಮೊಸರು ಬಿಟ್ಟಲ್ಲಿ ಆಕ್ಸಲೇಟ್ ರಕ್ತಕ್ಕೆ ಸೇರಿ, ಮೂತ್ರಕ್ಕೆ ಬಂದು ಅಲ್ಲಿ ಕಲ್ಲಾಗುತ್ತದೆ. ಜೊತೆಗೆ ಮೂಳೆಯೂ ದುರ್ಬಲವಾಗುತ್ತದೆ.

ಮಾತ್ರೆಗಳ ವಿಷಯವು ಬೇರೆ. 36,282 ಮಹಿಳೆಯರನ್ನು ಕುರಿತ 2006ರ ಅಧ್ಯಯನದಲ್ಲಿ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಮಾತ್ರೆ ಪಡೆದವರಲ್ಲಿ ಕಲ್ಲಿನ ಸಂಭವವು ಶೇಕಡಾ 17ರಷ್ಟು ಹೆಚ್ಚಿತ್ತು. ಆದ್ದರಿಂದ ಕಲ್ಲು ಆದವರು ಕ್ಯಾಲ್ಸಿಯಂ ಮಾತ್ರೆಗಳನ್ನಾಗಲಿ, ವಿಟಮಿನ್ ಡಿ ಚುಚ್ಚುಮದ್ದನ್ನಾಗಲಿ ವೈದ್ಯರ ಸಲಹೆ ಇಲ್ಲದೆ ಪಡೆಯಬಾರದು. ವೈದ್ಯರು ಸೂಚಿಸಿದ ಮಾತ್ರೆಯನ್ನು, ವಿಶೇಷವಾಗಿ ಗರ್ಭಿಣಿಯರು, ತಾವಾಗಿಯೇ ನಿಲ್ಲಿಸಬಾರದು.

5. ನೀರು, ಲಿಂಬೆ ಮತ್ತು ಫ್ಲೋರೈಡ್

ಮೊದಲ ಬಾರಿ ಕಲ್ಲು ಆದ 199 ಜನರನ್ನು ಕುರಿತ 1996ರ ಅಧ್ಯಯನದಲ್ಲಿ, ಹೆಚ್ಚು ನೀರು ಕುಡಿದವರ ಪೈಕಿ ಶೇಕಡಾ 12ರಷ್ಟು ಹಾಗೂ ಉಳಿದವರ ಪೈಕಿ ಶೇಕಡಾ 27ರಷ್ಟು ಜನರಿಗೆ ಐದು ವರ್ಷಗಳಲ್ಲಿ ಮತ್ತೆ ಕಲ್ಲು ಆಯಿತು. ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯುವುದು ಸೂಕ್ತ. ಬಿಸಿಲಿನಲ್ಲಿ ದುಡಿಯುವವರು ಬಾಯಾರಿಕೆಗೆ ಕಾಯದೆ, ಮೂತ್ರವು ತಿಳಿಯಾಗಿರುವಂತೆ ನೋಡಿಕೊಳ್ಳತಕ್ಕದ್ದು. ಹೃದ್ರೋಗ ಅಥವಾ ಮೂತ್ರಪಿಂಡ ವೈಫಲ್ಯ ಇರುವವರು ನೀರಿನ ಪ್ರಮಾಣದ ಬಗ್ಗೆ ವೈದ್ಯರನ್ನು ಕೇಳಬೇಕು.

ಇಂಡಿ ಭಾಗವು ಲಿಂಬೆ ಬೆಳೆಗೆ ಹೆಸರಾಗಿದೆ. ಲಿಂಬೆಯಲ್ಲಿರುವ ಸಿಟ್ರೇಟ್ ಅಂಶವು ಮೂತ್ರದಲ್ಲಿ ಹರಳುಗಟ್ಟುವುದನ್ನು ತಡೆಯಲು ನೆರವಾಗುತ್ತದೆ. ಉಪ್ಪು, ಸಕ್ಕರೆ ಹೆಚ್ಚಾಗಿ ಬೆರೆಸದ ಲಿಂಬೆ ನೀರು ಒಳ್ಳೆಯದು. ಆದರೆ ಇದು ಆಗಿರುವ ಕಲ್ಲನ್ನು ಕರಗಿಸುವ ಔಷಧವಲ್ಲ. ಉಪ್ಪಿನಕಾಯಿ, ಹಪ್ಪಳ ಮುಂತಾದ ಉಪ್ಪು ಹೆಚ್ಚಿರುವ ಪದಾರ್ಥಗಳನ್ನು ಮಿತಗೊಳಿಸಬೇಕು.

ಜಿಲ್ಲೆಯ ಕೆಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶವು ಹೆಚ್ಚಾಗಿರುತ್ತದೆ. ಕುಡಿಯುವ ನೀರಿನಲ್ಲಿ ಇದು ಪ್ರತಿ ಲೀಟರ್‌ಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಜಲಮೂಲವಿಲ್ಲದಿದ್ದಲ್ಲಿ 1.5 ಮಿಲಿಗ್ರಾಂ ಮೀರಬಾರದು ಎಂದು ಭಾರತೀಯ ಮಾನಕ ಸಂಸ್ಥೆಯು ನಿಗದಿಪಡಿಸಿದೆ. ಹೆಚ್ಚಿನ ಫ್ಲೋರೈಡ್ ಮೂಳೆಗಳಿಗೆ ಹಾನಿ ಮಾಡುವುದಲ್ಲದೆ, ಆಹಾರದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವವರಲ್ಲಿ ಪ್ಯಾರಾಥೈರಾಯ್ಡ್ ಗ್ರಂಥಿಗಳ ಮೇಲೆ ಒತ್ತಡ ಉಂಟುಮಾಡುತ್ತದೆ. ನೀರನ್ನು ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ಇಂತಹ ಗ್ರಾಮಗಳವರು ನದಿ ಮೂಲದ ನೀರನ್ನು ಅಥವಾ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನು ಬಳಸತಕ್ಕದ್ದು.

6. ಯಾರು ರಕ್ತದ ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಿಕೊಳ್ಳಬೇಕು?

- ಎರಡು ಅಥವಾ ಹೆಚ್ಚು ಬಾರಿ ಕಲ್ಲು ಆದವರು, ಅಥವಾ ಎರಡೂ ಮೂತ್ರಪಿಂಡಗಳಲ್ಲಿ ಕಲ್ಲು ಇರುವವರು
- ಚಿಕ್ಕ ವಯಸ್ಸಿನಲ್ಲಿ ಕಲ್ಲು ಆದವರು
- ಕಲ್ಲಿನೊಂದಿಗೆ ಮೂಳೆ ನೋವು, ಸಣ್ಣ ಪೆಟ್ಟಿಗೂ ಮೂಳೆ ಮುರಿತ, ಅತಿಯಾದ ನಿಶ್ಶಕ್ತಿ, ಮಲಬದ್ಧತೆ ಇರುವವರು
- ಕುಟುಂಬದಲ್ಲಿ ಪ್ಯಾರಾಥೈರಾಯ್ಡ್ ರೋಗ ಇರುವವರು

ಕ್ಯಾಲ್ಸಿಯಂ ಹೆಚ್ಚಿರುವುದು ಕಂಡುಬಂದಲ್ಲಿ ವೈದ್ಯರು ಪ್ಯಾರಾಥೈರಾಯ್ಡ್ ಹಾರ್ಮೋನು ಮತ್ತು ವಿಟಮಿನ್ ಡಿ ಪರೀಕ್ಷೆಗಳನ್ನು ಸೂಚಿಸುತ್ತಾರೆ. ಗಡ್ಡೆ ಇರುವುದು ದೃಢಪಟ್ಟು, ಕಲ್ಲು ಸಹ ಇದ್ದಲ್ಲಿ ಶಸ್ತ್ರಚಿಕಿತ್ಸೆಯೇ ಸೂಕ್ತ ಪರಿಹಾರ. ಮೂತ್ರದಲ್ಲಿ ಹೊರಬಿದ್ದ ಕಲ್ಲನ್ನು ಎಸೆಯದೆ ವೈದ್ಯರಿಗೆ ತೋರಿಸಬೇಕು.

7. ಸೌಲಭ್ಯ ಪಡೆಯುವ ವಿಧಾನ

ಅ) ಮೊದಲು ಸಮೀಪದ ಪ್ರಾಥಮಿಕ ಅಥವಾ ಸಮುದಾಯ ಆರೋಗ್ಯ ಕೇಂದ್ರಕ್ಕೆ ಅಥವಾ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿರುವ ತಾಲ್ಲೂಕು ಆಸ್ಪತ್ರೆಗೆ ಭೇಟಿ ನೀಡಬೇಕು. ಅಗತ್ಯವಿದ್ದಲ್ಲಿ ವಿಜಯಪುರದ ಜಿಲ್ಲಾ ಆಸ್ಪತ್ರೆಗೆ ಕಳುಹಿಸಲಾಗುತ್ತದೆ.

ಆ) ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸಾ ಸೌಲಭ್ಯವಿರುತ್ತದೆ. ಎ.ಪಿ.ಎಲ್. ಕುಟುಂಬಗಳಿಗೆ ಪ್ಯಾಕೇಜ್ ದರದ ಶೇಕಡಾ 30ರಷ್ಟನ್ನು, ವರ್ಷಕ್ಕೆ 1.50 ಲಕ್ಷ ರೂಪಾಯಿಗಳ ಮಿತಿಯಲ್ಲಿ ಸರ್ಕಾರವು ಭರಿಸುತ್ತದೆ.

ಇ) ಆಧಾರ್ ಕಾರ್ಡ್, ಪಡಿತರ ಚೀಟಿ, ಹಿಂದಿನ ಸ್ಕ್ಯಾನಿಂಗ್ ವರದಿಗಳು ಹಾಗೂ ಬಿಡುಗಡೆ ಪತ್ರಗಳನ್ನು ತರತಕ್ಕದ್ದು. ಖಾಸಗಿ ನೋಂದಾಯಿತ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಅಗತ್ಯ. ತುರ್ತು ಸಂದರ್ಭಗಳಿಗೆ ವಿನಾಯಿತಿ ಇರುತ್ತದೆ.

ಈ) ತಮಗೆ ಸೂಚಿಸಿದ ಚಿಕಿತ್ಸೆಯು ಯೋಜನೆಯ ವ್ಯಾಪ್ತಿಗೆ ಬರುತ್ತದೆಯೇ ಎಂಬುದನ್ನು ದಾಖಲಾಗುವ ಮೊದಲೇ ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರಿಂದ ಅಥವಾ 14555 ಸಹಾಯವಾಣಿಯಿಂದ ತಿಳಿದುಕೊಳ್ಳಬೇಕು.

8. ತುರ್ತು ಲಕ್ಷಣಗಳು

ಪಕ್ಕೆ ನೋವಿನೊಂದಿಗೆ ಚಳಿ ಜ್ವರ, ಮೂತ್ರ ಸಂಪೂರ್ಣ ನಿಂತುಹೋಗುವುದು, ನಿಲ್ಲದ ವಾಂತಿ ಇವು ಅಪಾಯದ ಲಕ್ಷಣಗಳು. ಗರ್ಭಿಣಿಯರಲ್ಲಿ ಹಾಗೂ ಒಂದೇ ಮೂತ್ರಪಿಂಡ ಇರುವವರಲ್ಲಿ ಪಕ್ಕೆ ನೋವು ಮಾತ್ರವೇ ಇದ್ದರೂ ವಿಳಂಬ ಮಾಡಬಾರದು. ಮನೆಮದ್ದಿನಲ್ಲಿ ಕಾಲಹರಣ ಮಾಡದೆ 108ಕ್ಕೆ ಕರೆ ಮಾಡಿ ಉಚಿತ ಆಂಬುಲೆನ್ಸ್ ಸೇವೆಯನ್ನು ಪಡೆಯತಕ್ಕದ್ದು.

ಸೂಚನೆ: ಈ ಪುಟದ ವಿವರಗಳು ಸಾರ್ವಜನಿಕರ ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಇವು ವೈದ್ಯರ ತಪಾಸಣೆಗೆ ಪರ್ಯಾಯವಲ್ಲ. ಪದೇ ಪದೇ ಕಲ್ಲು ಆಗುತ್ತಿರುವವರು ಮುಂದಿನ ಭೇಟಿಯಲ್ಲಿ ರಕ್ತದ ಕ್ಯಾಲ್ಸಿಯಂ ಪರೀಕ್ಷೆ ಆಗಿದೆಯೇ ಎಂದು ವೈದ್ಯರಲ್ಲಿ ತಪ್ಪದೆ ವಿಚಾರಿಸಲು ಕೋರಲಾಗಿದೆ.