ಗಡಿಗಲ್ಲೂ ನುಡಿಯ ಎಲ್ಲೆಯೂ

ಗಡಿಯೆಂದರೆ ಒಂದೇ ಬಗೆಯದೆಂದು ತಿಳಿಯುವುದು ವಾಡಿಕೆ. ನಮ್ಮ ಪ್ರಾಚೀನರು ಅದರ ಎರಡು ಬಗೆಗಳನ್ನು ಬಲ್ಲವರಾಗಿದ್ದರು.

ದತ್ತಿಶಾಸನಗಳು ದಾನಭೂಮಿಯ ಚತುಸ್ಸೀಮೆಯನ್ನು ಹಳ್ಳ, ಕೆರೆ, ಹುತ್ತ, ಮರ, ಹೆದ್ದಾರಿಗಳ ಗುರುತಿನಿಂದ ಹೇಳುತ್ತವೆ. ಇವೆಲ್ಲವೂ ಊರವರು ಕಣ್ಣಾರೆ ಕಾಣಬಲ್ಲ ಗುರುತುಗಳು. ಶಿವಾಲಯದ ಭೂಮಿಗೆ ಲಿಂಗಮುದ್ರೆಯ ಕಲ್ಲನ್ನೂ ಅಗ್ರಹಾರದ ಭೂಮಿಗೆ ವಾಮನಮುದ್ರೆಯ ಕಲ್ಲನ್ನೂ ನೆಡುತ್ತಿದ್ದರು. ವಿಜಯನಗರ ಕಾಲದ ದತ್ತಿಗಳು ಆ ಎಲ್ಲೆಯೊಳಗಿನ ನಿಧಿ, ನಿಕ್ಷೇಪ, ಜಲ, ಪಾಷಾಣವೇ ಮೊದಲಾದ ಅಷ್ಟಭೋಗಗಳನ್ನೂ ಎಣಿಸುತ್ತವೆ. ಸ್ವಾಮ್ಯವನ್ನು ನಿರ್ಣಯಿಸಿ ವ್ಯಾಜ್ಯವನ್ನು ತಡೆಯುವುದೇ ಈ ಗಡಿಯ ಪ್ರಯೋಜನ. ಕಲ್ಲಿನಾಚೆ ಉಳುವವನ ನುಡಿ ಯಾವುದೆಂಬುದನ್ನು ಅದು ವಿಚಾರಿಸದು.

ನುಡಿಯ ಎಲ್ಲೆಯ ರೀತಿ ಬೇರೆ. 9ನೆಯ ಶತಮಾನದ ಕವಿರಾಜಮಾರ್ಗವು ಕನ್ನಡನಾಡಿಗೆ ಕಾವೇರಿ ಗೋದಾವರಿಗಳನ್ನು ಮೇರೆಯಾಗಿ ಹೇಳಿದರೂ, ತಿರುಳ್ಗನ್ನಡದ ನೆಲೆಯನ್ನು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವೆ ಕಂಡಿತು. ತಿರುಳನ್ನು ಹೀಗೆ ಬೇರೆಯಾಗಿ ಗುರುತಿಸಿದ್ದರಿಂದಲೇ, ಅಂಚಿನಲ್ಲಿ ನುಡಿಗಳು ಬೆರೆಯುವುದಕ್ಕೆ ಎಡೆಯುಳಿಯಿತು.

1956ರ ರಾಜ್ಯ ಪುನರ್ವಿಂಗಡಣೆ ಈ ಎರಡನ್ನೂ ಒಂದೇ ಗೆರೆಯಲ್ಲಿ ಕೂಡಿಸಲೆತ್ನಿಸಿತು. ತೆರಿಗೆಗೂ ನ್ಯಾಯಕ್ಕೂ ಖಚಿತವಾದ ಗೆರೆ ಬೇಕೆಂಬುದು ನಿಜ. ಆದರೆ ಕಾಸರಗೋಡು, ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡಿಗರು ಆಚೆಗುಳಿದರು. ಬೆಳಗಾವಿಯ ಮರಾಠಿಗರು ಈಚೆಗೆ ಬಂದರು, ಕೋಲಾರದ ತೆಲುಗರು ಈಚೆಗೇ ಉಳಿದರು. ಈ ಕೊರತೆಯನ್ನು ಅರಿತೇ ಅದೇ ವರ್ಷ ಸಂವಿಧಾನಕ್ಕೆ 350-ಎ ವಿಧಿಯನ್ನು ಸೇರಿಸಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಒದಗಿಸಬೇಕೆಂದು ವಿಧಿಸಲಾಯಿತು.

ಹೊರನಾಡಿನಲ್ಲಿ ನೆಲೆಸಿ ಕನ್ನಡ ಶಾಲೆಯನ್ನು ಕೇಳುವ ನಮಗೆ ಈ ವಿಧಿಯೇ ಆಧಾರ. ಒಳನಾಡಿನಲ್ಲಿರುವ ಅನ್ಯಭಾಷಿಕರಿಗೂ ಅದೇ ಆಧಾರವೆಂಬುದನ್ನು ಒಪ್ಪಿದಾಗಲೇ ನಮ್ಮ ಕೇಳಿಕೆಗೆ ನ್ಯಾಯದ ಬಲ ಬರುವುದು.